ಕಲ್ಲು ಕೊಟ್ಟು ಮಗು ಉಳಿಸಿಕೊಂಡವಳ ಹೆಸರು

ನಮ್ಮ ಮೊಮ್ಮಗಳಿಗೆ ಗ್ರೀಕರ ಹಳೆಯ ದೇವತೆಯೊಬ್ಬಳ ಹೆಸರು ಇಟ್ಟಿದ್ದೇವೆ: ರಿಯಾ. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಈ ಹೆಸರು ಹೇಳಿದರೆ ಅರ್ಚಕರು ಒಂದು ಗಳಿಗೆ ತಡೆಯುತ್ತಾರೆ, ನಕ್ಷತ್ರ ಕೇಳುತ್ತಾರೆ, ಆಮೇಲೆ ಎಲ್ಲ ಸರಿಹೋದಂತೆ ಮುಂದುವರಿಯುತ್ತಾರೆ. ಹೆಸರು ಪರದೇಶದ್ದಾದರೂ ನಕ್ಷತ್ರ ಇಲ್ಲಿಯದೇ. ಇದು ನಮ್ಮ ಮನೆಗೆ ಹೇಗೆ ಬಂತು ಎಂದು ಕೇಳುವವರಿಗೆಲ್ಲ ಪೂರ್ತಿ ಹೇಳಲು ನನಗೆ ಪುರುಸೊತ್ತಿಲ್ಲ, ನಿಂತು ಕೇಳಲು ಅವರಿಗೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳನ್ನು ಹುಳಿಮಾವಿಗೆ ಕೊಟ್ಟಿದ್ದೇವೆ. ಕೊಟ್ಟಿದ್ದೇವೆ ಎಂದರೆ ಅವಳೇ ನೋಡಿಕೊಂಡಳು, ನಾವು ಊಟ ಹಾಕಿಸಿದೆವು. ಬೀಗರು ಆ ಊರಿನ ಹಳಬರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಅವರ ಬಾಡಿಗೆ ಮನೆಗಳಿವೆ. ನಾವು ಲಿಂಗ ಕಟ್ಟಿಕೊಂಡವರು, ಹಾವೇರಿ ಕಡೆಯಿಂದ ಬಂದು ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ನೆಲೆಸಿದವರು. ನಮ್ಮ ಯಜಮಾನರಿಗೆ ಜಯನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಬೀಗರ ಮನೆಯ ಭಾನುವಾರದ ಅಡುಗೆ ಬೇರೆ, ನಮ್ಮದು ಬೇರೆ. ನಾವು ಹೋದ ದಿನ ಅವರು ನಮಗಾಗಿಯೇ ತೆಗೆದಿಟ್ಟ ಪಾತ್ರೆಗಳಲ್ಲಿ ಅಡುಗೆ ಮಾಡಿಸುತ್ತಾರೆ. ಇದಕ್ಕಿಂತ ಹೆಚ್ಚಿನದನ್ನು ಯಾರಿಂದಲೂ ಬಯಸಬಾರದು.

ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮೊದಲನೆಯದು ಬೇಗ ಹೋಯಿತು. ಎರಡನೆಯದು ಏಳು ತಿಂಗಳು ತುಂಬಿದ ಮೇಲೆ ಹೋಯಿತು. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ತೋರಿಸಿದರು. ನೋಡಲು ಬಂದವರೆಲ್ಲ ಮುಂದೆ ಆಗುತ್ತೆ ಬಿಡು ಎಂದು ಎಳನೀರು ಕೊಟ್ಟು ಹೋದರು. ಮುಗಿದದ್ದರ ಬಗ್ಗೆ ಯಾರೂ ಕೇಳಲಿಲ್ಲ. ಯಾರೂ ಕೇಳದ್ದರಿಂದ ಮಗಳೂ ಹೇಳಲಿಲ್ಲ. ಕಾಲೇಜಿಗೆ ಹೋಗಿ ಹುಡುಗರಿಗೆ ಕಾಮರ್ಸ್ ಪಾಠ ಮಾಡಿ ಬರುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಗೊತ್ತಿತ್ತು. ಅಳದವರಿಗೆ ಏನು ಮಾಡಬೇಕೋ ತಿಳಿಯದೆ ಡಬ್ಬಿಗೆ ಚಕ್ಕುಲಿ ತುಂಬಿ ಕಳಿಸುತ್ತಿದ್ದೆ.

ಮೂರನೆಯ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದರು. ಅವಳನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆವು. ಲಿಫ್ಟು ಆ ದಿನ ಕೆಲಸ ಮಾಡುತ್ತಿತ್ತು. ನಮ್ಮ ಕಟ್ಟಡದಲ್ಲಿ ಇರುವವರಿಗೆ ಇದು ದೇವರ ದಯೆ ಎಂದು ಹೇಳಿದರೆ ಅರ್ಥವಾಗುತ್ತದೆ.

ಅವರೆಕಾಯಿ ಕಾಲ. ಅವಳು ಮಲಗಿದ್ದಲ್ಲೇ, ನಾನು ಮಂಚದ ಪಕ್ಕ ಕೂತು ನೆನೆಸಿದ ಕಾಳು ಹಿತಕುತ್ತಿದ್ದೆ. ಫೋನಿನಲ್ಲಿ ಏನೋ ಓದುತ್ತಿದ್ದವಳು, ಹೆಣ್ಣಾದರೆ ರಿಯಾ ಎಂದು ಇಡುತ್ತೇನೆ ಎಂದಳು.

"ಅದು ಎರಡನೇ ಮಹಡಿಯವರ ನಾಯಿ ಹೆಸರು," ಎಂದೆ. ಅದು ನಿಜವೇ. ದಿನಾ ಸಂಜೆ ಅದನ್ನು ಕೂಗುವುದು ಇಡೀ ಬ್ಲಾಕಿಗೆ ಕೇಳುತ್ತದೆ.

"ಅವ್ರು ಅರ್ಥ ನೋಡಿ ಇಟ್ಟಿರಲ್ಲಮ್ಮ."

ಹಾಗಾದರೆ ಅರ್ಥವೇನು ಎಂದು ಕೇಳಿದೆ. ಅದು ಸರಿಯಾಗಿ ಯಾರಿಗೂ ಗೊತ್ತಿಲ್ಲವಂತೆ. ಹರಿಯುವುದು ಎಂದು ಕೆಲವರು ಹೇಳುತ್ತಾರಂತೆ, ನೆಲ ಎಂದು ಇನ್ನು ಕೆಲವರು, ನಿರಾಯಾಸ ಎಂದೂ ಒಂದು ಅರ್ಥ ಹೇಳುವವರಿದ್ದಾರಂತೆ. ಗ್ರೀಕರಿಗಿಂತ ಮುಂಚೆ ಅಲ್ಲಿದ್ದ ಜನರ ಮಾತಿನ ಹೆಸರಿದ್ದರೂ ಇರಬಹುದು, ಅದಕ್ಕೇ ಮೂಲ ಸಿಗುವುದಿಲ್ಲ ಎಂದಳು. ನೀರೂ ನೆಲವೂ ನಮ್ಮಲ್ಲಿಯೂ ದೇವರೇ, ಆ ವಿಷಯದಲ್ಲಿ ನನಗೆ ತಕರಾರು ಇರಲಿಲ್ಲ. ಆಕೆಯ ವಾಹನ ಯಾವುದು ಎಂದು ಕೇಳಿದೆ. ಸಿಂಹ, ರಥಕ್ಕೆ ಸಿಂಹ ಕಟ್ಟಿರುವ ಚಿತ್ರ ಇದೆ ಎಂದು ತೋರಿಸಿದಳು. ನಮ್ಮ ಬನಶಂಕರಿ ಅಮ್ಮನೂ ಸಿಂಹದ ಮೇಲೆ ಕೂತವಳೇ. ಅರ್ಧ ಒಪ್ಪಿದೆ.

ಉಳಿದ ಅರ್ಧಕ್ಕೆ ಅವಳು ಕತೆ ಹೇಳಿದಳು. ರಿಯಾಳ ಗಂಡ ಆ ಕಾಲದ ದೇವತೆಗಳಿಗೆಲ್ಲ ದೊರೆ. ನಿನ್ನ ಮಗುವೇ ನಿನ್ನನ್ನು ಸಿಂಹಾಸನದಿಂದ ಇಳಿಸುತ್ತದೆ ಎಂದು ಅವನ ಅಪ್ಪ ಅಮ್ಮನೇ ಭವಿಷ್ಯ ಹೇಳಿದ್ದರು. ಅದಕ್ಕೆ ಅವನು ಹುಟ್ಟಿದ ಮಗುವನ್ನೆಲ್ಲ ಹುಟ್ಟಿದ ಹಾಗೇ ಎತ್ತಿ ನುಂಗಿದ. ಐದು ಮಕ್ಕಳು ಹಾಗೆ ಹೋದರು. ಇನ್ನೊಂದು ಹುಟ್ಟಿದಾಗ ಆಕೆ ಅದನ್ನು ದೂರದ ದ್ವೀಪದ ಗವಿಯಲ್ಲಿ ಬಚ್ಚಿಟ್ಟಳು. ಒಂದು ಕಲ್ಲಿಗೆ ಮಗುವಿನ ಬಟ್ಟೆ ಸುತ್ತಿ ಗಂಡನ ಕೈಗೆ ಕೊಟ್ಟಳು. ಅವನು ಅದನ್ನೇ ನುಂಗಿದ. ಗವಿಯಲ್ಲಿ ಮಗು ಅತ್ತರೆ ಕೇಳಿಸಬಾರದೆಂದು ಹೊರಗೆ ಕೆಲವರು ಕತ್ತಿ ಗುರಾಣಿ ಬಡಿದು ಕುಣಿಯುತ್ತಿದ್ದರಂತೆ. ಮಗುವಿಗೆ ಆಡಿನ ಹಾಲು. ಅದು ಬೆಳೆದು ಕೊನೆಗೆ ಅಪ್ಪನನ್ನು ಇಳಿಸಿಯೇ ಇಳಿಸಿತು.

ದೇವಕಿಯ ಕತೆಯ ಹಾಗೇ ಇದೆ ಎಂದೆ. ಅಲ್ಲಿ ಅಣ್ಣ, ಇಲ್ಲಿ ಗಂಡ, ಅಷ್ಟೇ ವ್ಯತ್ಯಾಸ ಎಂದಳು ಮಗಳು. ಅದು ಅಷ್ಟೇ ಎನ್ನುವ ವ್ಯತ್ಯಾಸವಲ್ಲ ಎಂದು ನನಗನ್ನಿಸಿತು, ಆದರೆ ಬಸುರಿಯ ಹತ್ತಿರ ವಾದ ಮಾಡಬಾರದು.

ಮಗುವಿನ ಬದಲು ಕಲ್ಲು ಎಂಬುದು ನನಗೆ ವಿಚಿತ್ರವಾಗಿ ಕಾಣಲಿಲ್ಲ. ನಾನು ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವಳು, ಬಟ್ಟೆಯಲ್ಲಿ ಸುತ್ತಿ ಎದೆಯ ಮೇಲೆ ಇಟ್ಟುಕೊಳ್ಳುವವಳು. ಅಲ್ಲದೆ ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಮಗುವಿಗಿಂತ ಮುಂಚೆ ತೊಟ್ಟಿಲಿಗೆ ಹೋಗುವುದು ಗುಂಡುಕಲ್ಲೇ. ರುಬ್ಬುವ ಗುಂಡನ್ನು ತೊಳೆದು, ಕುಲಾವಿ ಹಾಕಿ, ಬಟ್ಟೆ ಸುತ್ತಿ, ಕಾಡಿಗೆ ಬೊಟ್ಟು ಇಟ್ಟು, ಮುತ್ತೈದೆಯರು ತೊಟ್ಟಿಲ ಕೆಳಗಿಂದ ಮೇಲಿಂದ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಬರುವ ಕೇಡು ಏನಿದ್ದರೂ ಮೊದಲು ಅದಕ್ಕೆ ತಾಗಲಿ, ಕಲ್ಲಿಗೆ ಏನೂ ಆಗುವುದಿಲ್ಲ ಎಂದು. ಆಮೇಲೆ ಮಗುವಿನ ಸರದಿ. ಇದನ್ನು ಹೇಳಿದಾಗ ಮಗಳು ಫೋನು ಕೆಳಗಿಟ್ಟಳು. ತನಗೂ ಹೀಗೇ ಮಾಡಿದ್ದಿರಾ ಎಂದು ಕೇಳಿದಳು. ಮಾಡಿದ್ದೆವು. ಉಳಿದಿದ್ದೀಯಲ್ಲ ಎಂದೆ.

ಹೆಣ್ಣು ಮಗುವೇ ಆಯಿತು. ಹುಟ್ಟಿದ ತಕ್ಷಣ ಅತ್ತಿತು, ಹಾಲು ಕುಡಿಯಿತು, ಮೈಬಣ್ಣದಲ್ಲಿ ಕಾಮಾಲೆ ಕಾಣಿಸಲಿಲ್ಲ, ತಾಯಿಗೆ ಜ್ವರ ಬರಲಿಲ್ಲ. ಇವುಗಳಲ್ಲಿ ಯಾವುದಕ್ಕೂ ಯಾರೂ ನಮಗೆ ಭರವಸೆ ಕೊಟ್ಟಿರಲಿಲ್ಲ. ನಾನು ಒಂದೊಂದಕ್ಕೂ ಬೇರೆ ಬೇರೆಯಾಗಿ ಕೈ ಮುಗಿದೆ. ಬಾಣಂತನ ನಮ್ಮ ಮನೆಯಲ್ಲೇ. ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನ ಕಟ್ಟಡದ ಬೆಂಕಿ ಅಲಾರಂ ಹೊಡೆದುಕೊಂಡು ಎಲ್ಲರೂ ಕೆಳಗಿಳಿದರು. ಎರಡನೆಯ ದಿನದಿಂದ ಯಾರೂ ಇಳಿಯಲಿಲ್ಲ.

ಹೆಸರಿನ ವಿಷಯ ಕೆಟ್ಟದ್ದು ಯಜಮಾನರ ಫೋನಿನಿಂದ. ಬೀಗರಿಗೆ ನಾಮಕರಣದ ದಿನ ತಿಳಿಸಲು ಫೋನು ಮಾಡಿದರು, ಸ್ಪೀಕರಿನಲ್ಲಿ. ಬೀಗರಿಗೆ ಮನೆದೇವತೆಯ ಹೆಸರು ಇಡಬೇಕೆಂಬ ಆಸೆ ಇತ್ತು. ಅದು ಶಾಸ್ತ್ರದ ಹೆಸರಾಗಿರಲಿ, ಕರೆಯುವ ಹೆಸರು ಬೇರೆ ಇರಲಿ ಎಂದು ಅಳಿಯಂದಿರು ಹೇಗೋ ಒಪ್ಪಿಸಿದ್ದರು. ಯಜಮಾನರು ಅಲ್ಲಿಗೆ ನಿಲ್ಲಿಸಬಹುದಿತ್ತು. ಕರೆಯುವ ಹೆಸರೂ ಸಾಮಾನ್ಯದ್ದಲ್ಲ, ದೇವರುಗಳಿಗೆಲ್ಲ ತಾಯಿಯಾದವಳ ಹೆಸರು ಎಂದು ಹೆಮ್ಮೆಯಿಂದ ಹೇಳಿದರು. ಬೀಗರು ಸಂತೋಷಪಟ್ಟರು. ದೇವತೆ ಎಂದ ಮೇಲೆ ನಮ್ಮಲ್ಲಿ ಯಾರಾದರೂ ಕೇಳುವುದನ್ನೇ ಅವರೂ ಕೇಳಿದರು, ಗಂಡ ಯಾವ ದೇವರು ಎಂದು.

ಯಜಮಾನರಿಗೆ ಅಷ್ಟು ದೂರ ಗೊತ್ತಿರಲಿಲ್ಲ. ಒಂದು ನಿಮಿಷ ಸಾರ್ ಎಂದು ಕನ್ನಡಕ ಹಾಕಿಕೊಂಡು ಮಗಳ ಫೋನು ತೆಗೆದು, ಅಂಗಡಿಯಲ್ಲಿ ಗೀಸರಿನ ವಾರಂಟಿ ಓದಿ ಹೇಳುವ ದನಿಯಲ್ಲಿಯೇ, ಈತನು ತನಗೆ ಹುಟ್ಟಿದ ಮಕ್ಕಳನ್ನು ಒಬ್ಬೊಬ್ಬರಾಗಿ ನುಂಗಿದನು ಎಂದು ಓದಿ ಹೇಳಿದರು. ಬೀಗರು ಏನಂದಿರಿ ಎಂದು ಕೇಳಿದ್ದಕ್ಕೆ ಇನ್ನೂ ನಿಧಾನವಾಗಿ ಓದಿದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಎರಡನೆಯ ಸಲವೂ ಓದಿಯಾಗಿತ್ತು.

"ನಮ್ಮ ಮನೆಗೆ ಸರಿಯಾದ ಹೆಸ್ರೇ ಹುಡುಕಿದೀರ ಬಿಡಿ ಸಾರ್," ಎಂದರು ಬೀಗರು. "ನೀವೇ ಇಟ್ಕೊಳ್ಳಿ. ನಾವು ಬರೋದು ಬೇಡ."

ಯಜಮಾನರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಎರಡನೆಯ ಮಗು ಹೋದ ಮೇಲೆ ಅವರ ನಂಟರ ಮದುವೆಯಲ್ಲಿ ಯಾರೋ, ಆ ಮನೆ ಮಕ್ಕಳನ್ನು ನುಂಗುವ ಮನೆ ಎಂದಿದ್ದರಂತೆ. ಊಟದ ಪಂಕ್ತಿಯಲ್ಲಿ ಬೀಗರು ಅದನ್ನು ಕಿವಿಯಾರೆ ಕೇಳಿ, ಎಲೆ ಬಿಟ್ಟು ಎದ್ದು ಬಂದಿದ್ದರು. ಅಳಿಯಂದಿರು ಒಮ್ಮೆ ನನಗೆ ಹೇಳಿದ್ದರು. ಈಗ ಅದೇ ಮಾತನ್ನು ಸೊಸೆ ಹೆಸರು ಮಾಡಿ ತೊಟ್ಟಿಲಿಗೆ ಕಟ್ಟಿದ್ದಾಳೆ ಎಂದು ಅವರು ತಿಳಿದರು.

ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಳಿಯಂದಿರ ತಂಗಿ. ಅಪ್ಪ ಬೇಡವೆಂದರೆ ಅವಳು ಬರುವಂತಿಲ್ಲ. ಅವಳು ಬರದಿದ್ದರೆ ಹೆಸರು ಹೇಳುವವರಿಲ್ಲ. ಇದನ್ನಾದರೂ ಹೇಗೋ ತೂಗಿಸಬಹುದು, ಬಾಣಂತನ ಮುಗಿದ ಮೇಲೆ ಮಗಳು ಆ ಮನೆಗೆ ಹೋಗಿ ಬಾಳಬೇಕಲ್ಲ. ಮುನಿಸಿಕೊಂಡ ಮಾವನ ಮುಂದೆ ದಿನಾ ಆ ಹೆಸರು ಹಿಡಿದು ಮಗುವನ್ನು ಕೂಗಬೇಕಲ್ಲ. ನಾನು ಮಗಳಿಗೆ ಹೇಳಿದೆ, ಬೇರೆ ಹೆಸರು ಇಲ್ಲವಾ, ಊರು ತುಂಬ ಇವೆ ಎಂದು.

"ನಂಗೆ ಬೇಕಾಗಿರೋದು ಇದೊಂದೇ," ಎಂದಳು. "ಶಾಸ್ತ್ರ ಬೇಡ ಅಂದ್ರೆ ಬಿಡಿ. ಹೆಸರು ಬಿಡಲ್ಲ."

ಅಳಿಯಂದಿರು ಸಂಜೆ ಬರುತ್ತಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಅಪ್ಪ ಹೀಗಂತಾರೆ, ಇವಳು ಹೀಗಂತಾಳೆ, ನಾನೇನು ಮಾಡಲಿ ಅತ್ತೆ ಎನ್ನುತ್ತಿದ್ದರು. ಊಟ ಮಾಡಿಕೊಂಡು ಹೋಗಿ ಎನ್ನುತ್ತಿದ್ದೆ. ಮಾಡಿಕೊಂಡು ಹೋಗುತ್ತಿದ್ದರು.

ಮಂಗಳವಾರ ಬನಶಂಕರಿ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದೆ. ತಾಯಿ, ಹೆಸರು ನಿನ್ನದಲ್ಲ, ಸಿಂಹ ಮಾತ್ರ ನಿನ್ನದೇ, ಅಷ್ಟಕ್ಕಾದರೂ ನೋಡಿಕೋ ಎಂದೆ. ಹಿಂದಿನವರು ನೂಕುತ್ತಿದ್ದರು, ವಿವರವಾಗಿ ಹೇಳಲು ಆಗಲಿಲ್ಲ. ಆಕೆಗೆ ವಿವರ ಬೇಕಾಗಿಯೂ ಇಲ್ಲ.

ಶಾಸ್ತ್ರ ನಡೆಯುತ್ತದೋ ಇಲ್ಲವೋ, ನಾನು ನನ್ನ ಪಾಡಿಗೆ ತಯಾರಿ ಮಾಡುತ್ತಿದ್ದೆ. ತೊಟ್ಟಿಲು ಸಿಕ್ಕಿತು. ಗುಂಡುಕಲ್ಲು ಸಿಗಲಿಲ್ಲ. ಫ್ಲ್ಯಾಟಿಗೆ ಬರುವಾಗ ನಮ್ಮದನ್ನು ಹಳೆಯ ಮನೆಯ ಹಿತ್ತಲಲ್ಲೇ ಬಿಟ್ಟು ಬಂದಿದ್ದೆವು. ಕಟ್ಟಡದಲ್ಲಿ ಎಲ್ಲರನ್ನೂ ಕೇಳಿದೆ. ಎಲ್ಲರ ಮನೆಯಲ್ಲೂ ಮಿಕ್ಸಿ. ಒಬ್ಬರು ಗ್ರೈಂಡರಿನ ಕಲ್ಲು ಬಿಚ್ಚಿ ಕೊಡುತ್ತೇನೆಂದರು, ಅದರ ನಡುವೆ ತೂತು. ಮೇಲಿನ ಮನೆಯವರು ಮಗನ ವ್ಯಾಯಾಮದ ಡಂಬೆಲ್ ತಂದು ತೋರಿಸಿ, ಭಾರ ಸರಿಯಾಗಿದೆ ಆಂಟಿ, ಬಟ್ಟೆ ಸುತ್ತಿದರೆ ಗೊತ್ತಾಗಲ್ಲ ಎಂದರು. ಒಳ್ಳೆಯ ಮನಸ್ಸಿನವರು.

ಹುಳಿಮಾವಿನ ಮನೆಯ ಹಿತ್ತಲಲ್ಲಿ ನೀರಿನ ಡ್ರಮ್ಮಿನ ಮುಚ್ಚಳ ಹಾರದಂತೆ ಒಂದು ಹಳೆಯ ರುಬ್ಬುಗುಂಡು ಇಟ್ಟಿದ್ದನ್ನು ನಾನು ನೋಡಿದ್ದೆ. ಬೀಗಿತ್ತಿಗೆ ಫೋನು ಮಾಡಿದೆ. ಆಕೆ ಮಾತು ಕಡಿಮೆ. ಇಷ್ಟು ವರ್ಷಗಳಲ್ಲಿ ಗಂಡನ ಮಾತಿಗೆ ಎದುರು ಹೇಳಿದ್ದನ್ನು ನಾನು ಕೇಳಿಲ್ಲ, ಪರವಾಗಿ ಹೇಳಿದ್ದನ್ನೂ ಕೇಳಿಲ್ಲ. ಹೆಸರಿನ ಮಾತೆತ್ತದೆ ಕಲ್ಲು ಬೇಕಿತ್ತು ಎಂದಷ್ಟೇ ಹೇಳಿದೆ. ನೋಡ್ತೀನಿ ಎಂದು ಇಟ್ಟರು.

ಮಾರನೆಯ ದಿನ ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಆಕೆಯೇ ಬಂದರು, ಒಬ್ಬರೇ, ಆಟೋದಲ್ಲಿ. ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು. ಗೇಟಿನ ಹತ್ತಿರ ಆಟೋದವನು ತಾನೇ ಇಳಿದು ಅವರ ಮೊಣಕೈ ಹಿಡಿದು ಇಳಿಸಿದ. ಹುಷಾರಮ್ಮ, ಬಿಸಿಲು ಬಡೀತದೆ, ಮುಖ ಮುಚ್ಚಿ ಎಂದು ಹೇಳಿ ಹೋದ. ಬೀಗಿತ್ತಿ ಒಳಗೆ ಬಂದು ಗಂಟನ್ನು ಸೋಫಾದ ಮೇಲೆ ಮಲಗಿಸಿದರು.

"ಬನ್ನೇರುಘಟ್ಟ ರೋಡ್ ಪೂರ್ತಿ ಹಳ್ಳ ತಪ್ಪಿಸಿ ಬಂದ," ಎಂದರು. "ಮಗು ಅಂದ್ಕೊಂಡಿದ್ದ. ನಾನೂ ಅಲ್ಲ ಅನ್ಲಿಲ್ಲ."

ಕೈಕಾಲು ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಂಡರು. ಕಾಫಿ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟು, ಮಗಳ ಕಡೆ ತಿರುಗಿ, ಅದೇನು ಕತೆ ಎಂದು ಪೂರ್ತಿ ಹೇಳು ಎಂದರು. ತಮ್ಮ ಮನೆಯವರು ಫೋನಿನಲ್ಲಿ ಕೇಳಿದ್ದು ಒಂದೇ ಸಾಲು, ಮನೆಗೆ ಬಂದು ಹೇಳಿದ್ದೂ ಅದೇ ಸಾಲು ಎಂದರು.

ಮಗಳು ಮೊದಲಿನಿಂದ ಹೇಳಿದಳು. ದೊರೆ, ಭವಿಷ್ಯ, ನುಂಗಿದ್ದು. ಬೀಗಿತ್ತಿ ಮಗುವಿನ ಅಂಗಾಲು ನೀವುತ್ತ ಕೇಳಿದರು. ಬಟ್ಟೆ ಸುತ್ತಿದ ಕಲ್ಲು ಕೊಟ್ಟಾಗ ಅವನು ಬಿಚ್ಚಿ ನೋಡದೆ ನುಂಗಿದ ಎಂಬಲ್ಲಿಗೆ ಬಂದಾಗ ಅವರ ಕೈ ನಿಂತಿತು.

"ನೋಡ್ಲೇ ಇಲ್ವಾ?"

"ಇಲ್ಲ ಅತ್ತೆ."

"ಇವ್ರೂ ನೋಡ್ತಿರ್ಲಿಲ್ಲ," ಎಂದರು ಬೀಗಿತ್ತಿ. "ಹೋಯ್ತು ಅಂತ ಹೇಳ್ತಿದ್ದ ಹಾಗೇ ಹೊಲದ ಕಡೆ ಹೋಗ್ಬಿಡೋರು. ಕತ್ಲಾದ್ಮೇಲೆ ಬರೋರು. ಮುಖ ನೋಡಿದ್ದು ನಾನೊಬ್ಳೇ."

ಆಗಲೇ ನಮಗೆ ತಿಳಿದದ್ದು. ಅಳಿಯಂದಿರಿಗಿಂತ ಮುಂಚೆ ಆ ಮನೆಯಲ್ಲಿ ಮಕ್ಕಳು ಹುಟ್ಟಿ ಹೋಗಿದ್ದವು. ಎಷ್ಟು ಎಂದು ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಳಿಯಂದಿರು ಹುಟ್ಟಿದಾಗ ಆಕೆಯ ಅತ್ತೆ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವಳಿಗೆ ಒಂದು ಮೊರ ತೌಡಿಗೆ ಮಾರಿ, ಯಾರದೋ ಮಗು ಎಂಬಂತೆ ವಾಪಸು ತಂದುಕೊಂಡಿದ್ದರು. ಕರೆಯಲು ಒಳ್ಳೆಯ ಹೆಸರು ಇಡಲಿಲ್ಲ. ಕಲ್ಲು ಎಂದು ಕರೆದರು. ಮಗು ಎಂದರೆ ಸಾವು ತಿರುಗಿ ನೋಡುತ್ತದೆ, ಕಲ್ಲು ಎಂದರೆ ನೋಡದೆ ಮುಂದೆ ಹೋಗುತ್ತದೆ ಎಂದು. ಸ್ಕೂಲಿಗೆ ಸೇರಿಸುವಾಗ ಬೇರೆ ಹೆಸರು ಬಂತು. ಮನೆಯಲ್ಲಿ ಹಿರಿಯರು ಈಗಲೂ ಅವರನ್ನು ಹಾಗೇ ಕೂಗುತ್ತಾರೆ. ಹೇಳಿದ ಮಾತು ಕೇಳುವುದಿಲ್ಲ ಎಂದು ಬೈಯುತ್ತಾರೆ ಎಂದುಕೊಂಡು ಮಗಳು ಮದುವೆಯಾದಾಗಿನಿಂದ ನಗುತ್ತಿದ್ದಳು.

"ನೀವು ಯಾವತ್ತೂ ಹೇಳ್ಲಿಲ್ಲ ಅತ್ತೆ."

"ಯಾರೂ ಕೇಳ್ಲಿಲ್ಲವ್ವ."

ಆಮೇಲೆ ಆ ಕಲ್ಲು ಏನಾಯಿತು ಎಂದು ಬೀಗಿತ್ತಿ ಕೇಳಿದರು. ನುಂಗಿದವನ ಹೊಟ್ಟೆಯಿಂದ ಮುಂದೆ ಅದು ಈಚೆ ಬಂತಂತೆ, ಎಲ್ಲಕ್ಕಿಂತ ಮೊದಲು ಅದೇ ಬಂತಂತೆ ಎಂದಳು ಮಗಳು. ಅದನ್ನು ಒಂದು ದೊಡ್ಡ ದೇವಸ್ಥಾನದ ಹತ್ತಿರ ನೆಟ್ಟರು. ದಿನಾ ಅದರ ಮೇಲೆ ಎಣ್ಣೆ ಸುರಿಯುತ್ತಿದ್ದರು, ಹಬ್ಬದ ದಿನ ಉಣ್ಣೆ ಹೊದಿಸುತ್ತಿದ್ದರು. ಅಭಿಷೇಕ, ವಸ್ತ್ರ ಎಂದೆ ನಾನು. ಬೀಗಿತ್ತಿ ಹೌದೆಂಬಂತೆ ತಲೆಯಾಡಿಸಿದರು. ನಮಗಿಬ್ಬರಿಗೂ ಆ ಜನ ಒಳ್ಳೆಯವರಾಗಿ ಕಂಡರು.

"ಮತ್ತೆ ಒಳಗೆ ಹೋದ್ವಲ್ಲ, ಆ ಮಕ್ಳು?"

"ಅವೂ ಬಂದ್ವು. ಒಳಗೇ ಬೆಳೆದಿದ್ವಂತೆ."

"ಅದು ಕತೆ," ಎಂದರು ಬೀಗಿತ್ತಿ. ಮಗುವನ್ನು ಇನ್ನೊಂದು ತೊಡೆಗೆ ಹಾಕಿಕೊಂಡು, "ಅವಕ್ಕೆ ಹೆಸರಿತ್ತಾ?" ಎಂದರು.

"ಇತ್ತು ಅತ್ತೆ. ಎಲ್ಲಕ್ಕೂ ಇತ್ತು."

"ನಮ್ಮವಕ್ಕೆ ಇಟ್ಟಿರ್ಲಿಲ್ಲ."

"ನಂದಕ್ಕೂ," ಎಂದಳು ಮಗಳು. ಹಾಗೆಂದು ಅತ್ತಳು. ಆ ಏಳು ತಿಂಗಳ ಮಗು ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಮಾಧಾನ ಮಾಡಲು ಅವಳ ಅತ್ತೆ ಇದ್ದರು. ಒಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದುಕೊಂಡು ಇನ್ನೊಂದು ಕೈಯನ್ನು ಸೊಸೆಯ ಬೆನ್ನ ಮೇಲೆ ಇಟ್ಟು, ಅಳಬೇಡ ಎನ್ನದೆ ಸುಮ್ಮನೆ ಕೂತಿದ್ದರು. ನಾನು ಒಳಗೆ ಹೋಗಿ ಒಲೆಯ ಮೇಲಿನ ಹಾಲು ನೋಡಿದೆ. ಇನ್ನೇನು ಉಕ್ಕುವುದರಲ್ಲಿತ್ತು, ಉಕ್ಕಿರಲಿಲ್ಲ. ಉರಿ ಸಣ್ಣ ಮಾಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಈಚೆ ಬಂದೆ.

ಹೊರಡುವಾಗ ಬೀಗಿತ್ತಿ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ನಾಲಿಗೆಗೆ ಕೂಡಿಸಿಕೊಂಡರು.

"ಇದನ್ನೇ ಇಡಿ. ಮೊದಲ್ನೇ ಮೊಮ್ಮಗಳಿಗೆ ಅಜ್ಜಿ ಹೆಸರು ಇಡೋದು ನಮ್ಮಲ್ಲಿ ಪದ್ಧತಿ. ಅದು ನನ್ನ ಹೆಸರು ಅಂತ ಹೇಳ್ತೀನಿ ಅವ್ರಿಗೆ."

ಆಕೆಯ ಸ್ವಂತ ಹೆಸರು ಬೇರೆಯೇ ಇದೆ. ಮದುವೆಯ ಲಗ್ನಪತ್ರಿಕೆಯಲ್ಲಿ ಅಚ್ಚಾಗಿದ್ದನ್ನು ಬಿಟ್ಟರೆ ಅದನ್ನು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಮಕ್ಕಳಿಗೆ ಅಮ್ಮ, ಊರಿಗೆ ಗೌಡರ ಮನೆಯವರು, ಗಂಡನಿಗೆ ಏಯ್, ನನಗೆ ಬೀಗಿತ್ತಿ.

ಮನೆಗೆ ಹೋಗಿ ಆಕೆ ಏನು ಹೇಳಿದರು ಎಂಬುದು ಅಳಿಯಂದಿರಿಂದ ಗೊತ್ತಾಯಿತು. ಬೀಗರು ಊಟಕ್ಕೆ ಕೂತಿದ್ದರಂತೆ. ಬಿಸಿ ಮುದ್ದೆ ತಟ್ಟೆಗೆ ಹಾಕಿ, ಪಕ್ಕದಲ್ಲೇ ನಿಂತು ಕತೆಯನ್ನು ಪೂರ್ತಿ ಹೇಳಿದರಂತೆ, ನೋಡದೆ ನುಂಗಿದ್ದನ್ನೂ ಬಿಡದೆ. ಕೊನೆಗೆ ಆ ಹೆಂಗಸು ನಾನೇ ಎಂದರಂತೆ. ಬೀಗರು, "ಹಂಗಾದ್ರೆ ನುಂಗಿದೋನು ನಾನಾ?" ಎಂದು ಕೇಳಿದರಂತೆ.

"ನೀವು ನುಂಗ್ಲಿಲ್ಲ," ಎಂದರಂತೆ ಬೀಗಿತ್ತಿ. "ನೋಡ್ಲಿಲ್ಲ."

ಮುದ್ದೆ ಆರಿತು. ಬೀಗರು ಅದನ್ನು ಹಾಗೇ ತಿಂದು ಎದ್ದರಂತೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಾಮಕರಣದ ದಿನದವರೆಗೂ ನಮಗೆ ಗೊತ್ತಿದ್ದುದು ಅಷ್ಟೇ. ಅಡುಗೆಯವರಿಗೆ ಎಲೆಯ ಲೆಕ್ಕ ಹೇಳುವಾಗ ನಾನು ಅವರನ್ನೂ ಸೇರಿಸಿ ಹೇಳಿದೆ. ಬರದಿದ್ದರೆ ಮಿಕ್ಕ ಹೋಳಿಗೆ ವಾಚ್‌ಮನ್ನಿನ ಮನೆಗೆ ಹೋಗುತ್ತದೆ, ದಂಡವಾಗುವುದಿಲ್ಲ.

ಆ ದಿನ ಕಾವೇರಿ ನೀರು ಬಂತು, ಕರೆಂಟು ಹೋಗಲಿಲ್ಲ. ಮೊದಲು ಬಂದವಳು ಸೋದರತ್ತೆ. ಅಪ್ಪ ಕೆಳಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾರೆ ಎಂದಳು. ಮಗಳು ನನ್ನ ಮುಖ ನೋಡಿದಳು. ನಾನು ಬಾಳೆಎಲೆ ಒರೆಸುತ್ತಿದ್ದೆ, ಒರೆಸಿದ ಎಲೆಯನ್ನೇ ಮತ್ತೆ ಒರೆಸಿದೆ. ನಮ್ಮ ರಸ್ತೆಯಲ್ಲಿ ಕಾರಿಗೆ ಜಾಗ ಸಿಗುವುದು ಕಷ್ಟ, ತುಂಬ ಹೊತ್ತು ಹಿಡಿಯಿತು. ಬೀಗರು ಹಣ್ಣಿನ ತಟ್ಟೆ ಹಿಡಿದು ಬಂದು, ಯಜಮಾನರಿಗೆ ನಮಸ್ಕಾರ ಸಾರ್ ಎಂದು, ಗಂಡಸರ ಜೊತೆ ಹಾಲ್‌ನಲ್ಲಿ ಕೂತರು. ಯಜಮಾನರಿಗೆ ಫೋನು ಮುಟ್ಟಬಾರದು ಎಂದು ಮೊದಲೇ ಹೇಳಿದ್ದೆ.

ಕೋಣೆಯಲ್ಲಿ ಶಾಸ್ತ್ರ ಶುರುವಾಯಿತು. ಕಲ್ಲಿಗೆ ಕುಲಾವಿ ಹಾಕಿದೆವು. ತೊಟ್ಟಿಲ ಆ ಕಡೆ ಬೀಗಿತ್ತಿ, ಈ ಕಡೆ ನಾನು. ಹರನನ್ನ ತಗೊಳ್ಳಿ, ಗೌರಿನ ಕೊಡಿ ಎನ್ನುತ್ತ ದಾಟಿಸಿದೆವು. ಅವರ ಕಡೆ ಈ ಶಾಸ್ತ್ರ ಬಿಟ್ಟುಹೋಗಿ ಬಹಳ ಕಾಲವಾಗಿತ್ತಂತೆ, ಆದರೂ ಬೀಗಿತ್ತಿ ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಕಲ್ಲನ್ನು ತೆಗೆದು ಮಗುವನ್ನು ಮಲಗಿಸಿದೆವು. ಸೋದರತ್ತೆ ಬಗ್ಗಿದಳು. ಮೊದಲು ಮನೆದೇವತೆಯ ಹೆಸರು ಹೇಳಿದಳು, ಆಮೇಲೆ ರಿಯಾ ಎಂದಳು. ನಮ್ಮ ಕಡೆಯ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ನಾಲ್ಕು ಗುದ್ದಿದರು. ಅವರ ಕಡೆ ಈ ವಾಡಿಕೆ ಇಲ್ಲ. ಅವಳಿಗೆ ಮುಂಚೆಯೇ ಹೇಳಿಡಬೇಕಿತ್ತು.

ಆ ಗದ್ದಲದಲ್ಲಿ ಬೀಗರು ಕೋಣೆಯ ಬಾಗಿಲಿಗೆ ಬಂದದ್ದನ್ನು ಯಾರೂ ಗಮನಿಸಲಿಲ್ಲ. ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಗಂಡಸರು ಒಳಗೆ ಬರುವುದಿಲ್ಲ. ಅವರು ಚಪ್ಪಲಿ ಬಿಟ್ಟ ಬರಿಗಾಲಲ್ಲಿ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ತೊಟ್ಟಿಲ ಹಗ್ಗ ಹಿಡಿದು ನಿಂತರು. ಮಗು ಎಚ್ಚರವಾಗಿತ್ತು. ಆರತಿ ಹಿಡಿದ ನನ್ನ ಓರಗಿತ್ತಿ ಕಾದಳು, ಕಾದು ಸಾಕಾಗಿ, ಅಣ್ಣ ಸ್ವಲ್ಪ ಆ ಕಡೆ ಬನ್ನಿ, ಆರತಿ ಎತ್ತಬೇಕು ಎಂದಳು.

"ಇರಮ್ಮ. ನೋಡ್ತಾ ಇದೀನಿ," ಎಂದರು ಬೀಗರು.

ಓರಗಿತ್ತಿ ತಟ್ಟೆಯನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡಳು. ಬತ್ತಿಗೆ ಇನ್ನೊಂದು ಚೂರು ತುಪ್ಪ ಹಾಕಿದೆ. ಬೀಗಿತ್ತಿ ಗಂಡನನ್ನು ನೋಡಲಿಲ್ಲ, ಮಗುವಿನ ಕುಲಾವಿಯ ದಾರ ಸರಿಮಾಡುತ್ತಿದ್ದರು. ಬೀಗರು ಸಾಕಷ್ಟು ಹೊತ್ತು ನೋಡಿದರು. ಆಮೇಲೆ ಬಗ್ಗಿ, ತಮ್ಮ ಬಾಯಿಗೆ ಬರುವ ಹಾಗೆ ಹೆಸರು ಹಿಡಿದು ಕೂಗಿದರು.

"ರಿಯಮ್ಮ."

ಮಗಳು ತಿದ್ದಲಿಲ್ಲ. ಹುಳಿಮಾವಿನಲ್ಲಿ ಈಗ ಎಲ್ಲರೂ ಹಾಗೇ ಕರೆಯುತ್ತಾರೆ, ಮಗು ಹಾಗೆ ಕರೆದರೇ ತಿರುಗುತ್ತದೆ.